‘ಅಕ್ಕಾ, ಒಂದ್ ಮಾತ್ ಹೇಳ್ಲೇನು?’: ಮೇಡ್ಲೇರಿಯ ಕಟ್ಟೆ ಮೇಲೆ ಕೂತು ಮತಾಂತರ ಕಾಯ್ದೆ ಓದಿದರೆ

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಇವಳು ನಿಜವಾದ ವ್ಯಕ್ತಿ ಅಲ್ಲ. ಕಾನೂನನ್ನು ಅರ್ಥ ಮಾಡಿಕೊಳ್ಳೋಕೆ ನಾವು ಮಾಡಿಕೊಂಡ ಉದಾಹರಣೆ. ದಿನಾ ಬಸ್ ಹಿಡಿದು ರಾಣೆಬೆನ್ನೂರಿಗೆ ಹೋಗಿ ಡಿಗ್ರಿ ಮುಗಿಸಿದವಳು. ಒಂದು ವರ್ಷದಿಂದ ಗೆಳತಿಯೊಬ್ಬಳ ಜೊತೆ ಭಾನುವಾರದ ಪ್ರಾರ್ಥನೆಗೆ ಹೋಗ್ತಿದ್ದಾಳೆ, ಯೇಸುವನ್ನು ನಂಬಿದ್ದಾಳೆ. ಇಷ್ಟು ದಿನ ಯಾರ ಹತ್ತಿರವೂ ಹೇಳಿಲ್ಲ. ಒಂದು ಸಂಜೆ ಪಕ್ಕದ ಮನೆಯಾಕೆ ಕಟ್ಟೆ ಮೇಲೆ ಕೂತು ಕಣ್ಣೀರು ಹಾಕ್ತಿದ್ದಾರೆ. ಮಗುವಿಗೆ ಜ್ವರ ಬಿಟ್ಟಿಲ್ಲ, ಗಂಡ ಕುಡಿಯೋದು ಬಿಟ್ಟಿಲ್ಲ. ಹುಡುಗಿ ಪಕ್ಕದಲ್ಲಿ ಕೂತು ಕೇಳ್ತಾಳೆ: “ಅಕ್ಕಾ, ಒಂದ್ ಮಾತ್ ಹೇಳ್ಲೇನು? ನಾ ದಿನಾ ಪ್ರಾರ್ಥನಾ ಮಾಡ್ತೀನಿ. ನಂಗ ಬಾಳ ಸಮಾಧಾನ ಸಿಕ್ಕೈತಿ. ನಿಮ್ಮ ಸಲುವಾಗೂ ಮಾಡ್ಲೇನು?”

ಅಕ್ಕ “ಮಾಡವ್ವಾ” ಅನ್ನಬಹುದು. “ಬ್ಯಾಡ, ನಮ್ಮ ದೇವ್ರು ನಮಗದಾನ” ಅಂತಲೂ ಅನ್ನಬಹುದು. ಎರಡರಲ್ಲಿ ಯಾವುದಾದರೂ ಅದು ಆ ಅಕ್ಕನ ತೀರ್ಮಾನ. ಕ್ರೈಸ್ತರ ಮಾತಿನಲ್ಲಿ ಇದಕ್ಕೆ ‘ಸಾಕ್ಷಿ ಹೇಳೋದು’ ಅಂತಾರೆ. ಟಿವಿ ಚರ್ಚೆಗಳಲ್ಲಿ ‘ಮತಾಂತರ ಮಾಫಿಯಾ’ ಅಂತ ಕೂಗುವವರಿಗೂ, ಅದಕ್ಕೆ ಉತ್ತರ ಕೊಡುವವರಿಗೂ ಈ ಕಟ್ಟೆ ಮೇಲಿನ ಮಾತುಕತೆ ಕಾಣೋದೇ ಇಲ್ಲ. ಆದರೆ ನಂಬಿಕೆ ಒಬ್ಬರಿಂದ ಒಬ್ಬರಿಗೆ ದಾಟೋದು ಬಹುಪಾಲು ಹೀಗೇ: ಪರಿಚಯದವರ ನಡುವೆ, ಕಷ್ಟದ ಹೊತ್ತಿನಲ್ಲಿ, ಸಣ್ಣ ದನಿಯಲ್ಲಿ.

ಈ ಸಣ್ಣ ದನಿಯ ಮಾತು ಇವತ್ತಿನ ಕರ್ನಾಟಕದಲ್ಲಿ ಅಪರಾಧವಾ? ಸರಳ ಪ್ರಶ್ನೆ. ಉತ್ತರ ಅಷ್ಟು ಸರಳವಾಗಿಲ್ಲ.

ಹಾವೇರಿಯ ಮುಖ್ಯಮಂತ್ರಿ ತಂದ ಕಾಯ್ದೆ

2021ರ ಡಿಸೆಂಬರ್ 23ರಂದು ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಒಂದು ಮಸೂದೆಯನ್ನು ಪಾಸು ಮಾಡಿತು. ‘ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ’ ಅಂತ ಅದರ ಹೆಸರು. ಜನ ಕರೆಯೋದು ಮತಾಂತರ ನಿಷೇಧ ಕಾಯ್ದೆ ಅಂತ. ಮಂಡಿಸಿದವರು ಗೃಹ ಸಚಿವ ಆರಗ ಜ್ಞಾನೇಂದ್ರ. ಮುಖ್ಯಮಂತ್ರಿ ಆಗಿದ್ದವರು ಇದೇ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಿಂದ ಗೆದ್ದಿದ್ದ ಬಸವರಾಜ ಬೊಮ್ಮಾಯಿ. ಪರಿಷತ್ತಿನಲ್ಲಿ ಆಗ ಬಲ ಸಾಲದ್ದರಿಂದ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದರು. ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿತು, ಕಾಯ್ದೆ ಆಯ್ತು.

ಆ ಮಸೂದೆಗೆ ಮೊದಲಿನ ಕೆಲವು ತಿಂಗಳು ನೆನಪಿರಲಿ. 2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂತ ಸದನದಲ್ಲಿ ಹೇಳಿದರು. ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಭಾನುವಾರದ ಪ್ರಾರ್ಥನೆ ನಡೆಯುವ ಜಾಗಕ್ಕೆ ಹಿಂದೂ ಸಂಘಟನೆಗಳ ಕಾರ್ಯಕರ್ತರು ನುಗ್ಗಿ, ಅಲ್ಲೇ ಕೂತು ಭಜನೆ ಹಾಡಿದರು. ಅವತ್ತು ಪಾಸ್ಟರ್ ಅರೆಸ್ಟ್ ಆದರು. ಗಮನಿಸಿ, ಕಾಯ್ದೆ ಆಗ ಇನ್ನೂ ಇರಲೇ ಇಲ್ಲ.

ಕಾಂಗ್ರೆಸ್ ಇದನ್ನು ವಿರೋಧಿಸಿತು. ಆದರೆ ಅದರ ಕೈಯೂ ಪೂರ್ತಿ ಸ್ವಚ್ಛ ಇರಲಿಲ್ಲ. 2016ರಲ್ಲಿ ಇಂಥದ್ದೇ ಒಂದು ಕರಡನ್ನು ಸಂಪುಟದ ಮುಂದೆ ಇಡುವ ಕಡತಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಹಿ ಹಾಕಿದ್ದನ್ನು ಬಿಜೆಪಿ ಸದನದಲ್ಲೇ ಎತ್ತಿ ತೋರಿಸಿತು. 2023ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಜೂನ್ 15ರಂದು ಸಂಪುಟ ಕಾಯ್ದೆಯನ್ನು ರದ್ದು ಮಾಡೋಕೆ ತೀರ್ಮಾನಿಸಿತು. ಕಾನೂನು ಸಚಿವ ಎಚ್.ಕೆ. ಪಾಟೀಲರು ಅದನ್ನು ಪ್ರಕಟಿಸಿದರು. ಹೆಡ್‌ಲೈನ್ ಬಂತು, ಅಭಿನಂದನೆಗಳೂ ಬಂದವು. ಆದರೆ ಎರಡು ವರ್ಷ ಕಳೆದ ಮೇಲೂ, 2025ರ ಮೇ ತಿಂಗಳಲ್ಲಿ, ಜಮಖಂಡಿಯಲ್ಲಿ ಇದೇ ಕಾಯ್ದೆ ಅಡಿ ಎಫ್‌ಐಆರ್ ದಾಖಲಾಯ್ತು. ಸಂಪುಟದ ತೀರ್ಮಾನದಿಂದ ಕಾಯ್ದೆ ಸಾಯೋದಿಲ್ಲ. ಅದಕ್ಕೆ ಶಾಸನಸಭೆಯ ಮತ ಬೇಕು.

ಕಾಯ್ದೆಯನ್ನು ಕಟ್ಟೆಗೆ ತಂದು ನೋಡೋಣ

ಈಗ ಮೇಡ್ಲೇರಿಯ ಹುಡುಗಿ ಹತ್ತಿರ ವಾಪಸ್ ಬರೋಣ. ಬಲವಂತ, ಮೋಸ, ಆಮಿಷ, ಮದುವೆಯ ಭರವಸೆ, ಇವುಗಳ ಮೂಲಕ ಮತಾಂತರ ಮಾಡಬಾರದು ಅನ್ನುತ್ತೆ ಕಾಯ್ದೆ. ಕೇಳೋಕೆ ಸರಿಯಾಗಿದೆ. ಬಲವಂತ ಮಾಡೋದು ತಪ್ಪು, ಮೋಸ ಮಾಡೋದು ತಪ್ಪು, ಅದಕ್ಕೆ ಯಾರ ತಕರಾರೂ ಇಲ್ಲ. ತೊಡಕು ಇರೋದು ‘ಆಮಿಷ’ ಅನ್ನೋ ಪದದ ವಿವರಣೆಯಲ್ಲಿ.

ದುಡ್ಡು, ಉಡುಗೊರೆ ಕೊಟ್ಟರೆ ಆಮಿಷ. ಸರಿ. ಕೆಲಸ ಕೊಡಿಸ್ತೀನಿ ಅಂದರೆ ಆಮಿಷ. ಸರಿ ಅನ್ನೋಣ. ಧಾರ್ಮಿಕ ಸಂಸ್ಥೆ ನಡೆಸುವ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ ಕೂಡ ಆಮಿಷ. ಒಳ್ಳೆಯ ಜೀವನದ ಭರವಸೆ ಆಮಿಷ. ದೇವರಿಗೆ ಬೇಸರ ಆಗುತ್ತೆ ಅಂತ ಹೇಳೋದೂ ಆಮಿಷ. ಒಂದು ಧರ್ಮದ ಆಚರಣೆಗಳನ್ನು ಇನ್ನೊಂದರ ಮುಂದೆ ಕೀಳಾಗಿ ತೋರಿಸೋದು, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳೋದು, ಇವೂ ಆಮಿಷದ ಪಟ್ಟಿಯಲ್ಲೇ ಇವೆ.

“ನಂಗ ಬಾಳ ಸಮಾಧಾನ ಸಿಕ್ಕೈತಿ” ಅಂದಳಲ್ಲ ಹುಡುಗಿ, ಅದು ಒಳ್ಳೆಯ ಜೀವನದ ಭರವಸೆಯಾ? “ಯೇಸು ಕೈ ಬಿಡೂದಿಲ್ಲ” ಅಂದರೆ ಅದು ಹೊಗಳಿಕೆಯಾ? ನಂಬಿಕೆ ಇರುವ ಯಾರೇ ಆಗಲಿ, ತನ್ನ ನಂಬಿಕೆ ಬಗ್ಗೆ ಮಾತಾಡುವಾಗ ಅದು ಒಳ್ಳೆಯದು ಅಂತಲೇ ಹೇಳ್ತಾರೆ. ಒಳ್ಳೆಯದು ಅನ್ನಿಸದೇ ಇದ್ದರೆ ನಂಬ್ತಾನೇ ಇರಲಿಲ್ಲ. ಇಂಥ ಮಾತಿನ ಆಧಾರದ ಮೇಲೆ ಕೊನೆಗೆ ಶಿಕ್ಷೆ ಆಗದೇ ಇರಬಹುದು. ಆದರೆ ಒಂದು ದೂರು ದಾಖಲಾಗೋಕೆ ಈ ವಿವರಣೆಯ ಸಡಿಲ ಸಾಕು.

ಮುಂದೆ ನೋಡಿ. ಕೇಳುವ ಅಕ್ಕ ಹೆಣ್ಣು. ಅವರು ಪರಿಶಿಷ್ಟ ಜಾತಿಯವರೂ ಆಗಿರಬಹುದು. ಸಾಮಾನ್ಯವಾಗಿ ಈ ಅಪರಾಧಕ್ಕೆ 3ರಿಂದ 5 ವರ್ಷ ಜೈಲು, 25 ಸಾವಿರ ದಂಡ. ಮತಾಂತರ ಆದವರು ಹೆಣ್ಣು, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ 3ರಿಂದ 10 ವರ್ಷ, 50 ಸಾವಿರ ದಂಡ. ಇಬ್ಬರು ಅಥವಾ ಹೆಚ್ಚು ಜನರಾದರೆ ಅದು ‘ಸಾಮೂಹಿಕ ಮತಾಂತರ’. ಅದಕ್ಕೆ 3ರಿಂದ 10 ವರ್ಷ, 1 ಲಕ್ಷ ದಂಡ. ಅಂದರೆ ಒಂದೇ ಮನೆಯ ಗಂಡ ಹೆಂಡತಿ ಒಟ್ಟಿಗೆ ನಂಬಿದರೂ ಕಾನೂನಿನ ಲೆಕ್ಕದಲ್ಲಿ ಅದು ಸಾಮೂಹಿಕ.

ಅಪರಾಧ ಜಾಮೀನುರಹಿತ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದು. ಎಲ್ಲಕ್ಕಿಂತ ಭಾರದ ಅಂಶ: ಬಲವಂತ ಇಲ್ಲ, ಮೋಸ ಇಲ್ಲ, ಆಮಿಷ ಇಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪ ಹೊತ್ತವರ ಮೇಲೆ. ಕಟ್ಟೆ ಮೇಲೆ ಇಬ್ಬರೇ ಇದ್ದಾಗ ಆಡಿದ ಮಾತಿನಲ್ಲಿ ಆಮಿಷ ಇರಲಿಲ್ಲ ಅಂತ ಆ ಹುಡುಗಿ ಹೇಗೆ ಸಾಬೀತು ಮಾಡಬೇಕು?

ಇನ್ನು ಅಕ್ಕ ತಾನಾಗಿ ಧರ್ಮ ಬದಲಿಸ್ತೀನಿ ಅಂತ ನಿರ್ಧರಿಸಿದರು ಅನ್ನಿ. 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಫಾರಂ ಕೊಡಬೇಕು. ಆ ಮಾಹಿತಿಯನ್ನು ಜಿಲ್ಲಾಧಿಕಾರಿ ಕಚೇರಿಯ ಮತ್ತು ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕ್ತಾರೆ. ಯಾರಾದರೂ ಆಕ್ಷೇಪ ಎತ್ತಿದರೆ ವಿಚಾರಣೆ. ಆಮೇಲೆ, ಮತಾಂತರ ಆದ ನಂತರ ಮತ್ತೊಂದು ಫಾರಂ. ರಾಣೆಬೆನ್ನೂರಿನ ತಹಶೀಲ್ದಾರ್ ಕಚೇರಿಗೆ ಪಹಣಿಗೋ ಜಾತಿ ಪತ್ರಕ್ಕೋ ಹೋಗದ ಮನೆ ಯಾವುದಿದೆ? ಅಲ್ಲಿನ ಬೋರ್ಡಿನಲ್ಲಿ ಹೆಸರು ಅಂಟಿಸಿದರೆ ಅದು ಸಂಜೆಯೊಳಗೆ ಊರಿಗೆ ತಲುಪುತ್ತೆ. ಅಕ್ಕ ದೇವರ ಜೊತೆ ಏನು ಮಾತಾಡ್ತಾರೆ ಅನ್ನೋದು ತಾಲ್ಲೂಕಿನ ಚರ್ಚೆಯಾಗುತ್ತೆ. ಹಿಮಾಚಲ ಪ್ರದೇಶದ 2006ರ ಕಾಯ್ದೆಯಲ್ಲಿ ಇದೇ ರೀತಿ ಮುಂಚಿತ ನೋಟಿಸ್ ಕೊಡಬೇಕು ಅನ್ನೋ ನಿಯಮ ಇತ್ತು. 2012ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಮನಸ್ಸಿನಲ್ಲಿರೋದನ್ನು ಸರ್ಕಾರಕ್ಕೆ ಮೊದಲೇ ಹೇಳಬೇಕು ಅನ್ನೋದು ಖಾಸಗಿತನಕ್ಕೆ ಧಕ್ಕೆ ಅನ್ನೋದು ಅದರ ತರ್ಕವಾಗಿತ್ತು.

ಇನ್ನೂ ಒಂದಿದೆ. ಹಿಂದೆ ಇದ್ದ ಧರ್ಮಕ್ಕೆ ವಾಪಸ್ ಹೋದರೆ ಅದು ಈ ಕಾಯ್ದೆಯ ಪ್ರಕಾರ ಮತಾಂತರವೇ ಅಲ್ಲ. ಹೋಗುವ ದಾರಿಗೆ ಫಾರಂ, ನೋಟಿಸ್, ವಿಚಾರಣೆ. ಬರುವ ದಾರಿಗೆ ಏನೂ ಇಲ್ಲ. ಆಮಿಷದಿಂದ ಬಡವರನ್ನು ಕಾಪಾಡೋದೇ ಉದ್ದೇಶವಾಗಿದ್ದರೆ, ವಾಪಸ್ ಕರೆದುಕೊಂಡು ಬರುವಾಗ ಒಡ್ಡುವ ಆಮಿಷ ಯಾಕೆ ಆಮಿಷ ಅನ್ನಿಸಿಕೊಳ್ಳಲ್ಲ?

‘ಪ್ರಸಾರ’ ಅನ್ನೋ ಒಂದು ಪದ

ಸಂವಿಧಾನದ 25ನೇ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಇವುಗಳಿಗೆ ಒಳಪಟ್ಟು. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಈ ‘ಪ್ರಸಾರ’ ಪದದ ಮೇಲೇ ಜೋರು ಚರ್ಚೆ ನಡೆಯಿತು. ಒಡಿಶಾದ ಲೋಕನಾಥ ಮಿಶ್ರ ಅದನ್ನು ತೆಗೆದುಹಾಕಿ ಅಂದರು. ಟಿ.ಟಿ. ಕೃಷ್ಣಮಾಚಾರಿ ಒಪ್ಪಲಿಲ್ಲ. ಕ್ರೈಸ್ತ ಸಂಸ್ಥೆಗಳಲ್ಲಿ ಹದಿನಾಲ್ಕು ವರ್ಷ ಓದಿದ ತಮ್ಮನ್ನು ಯಾರೂ ಮತಾಂತರ ಮಾಡೋಕೆ ಪ್ರಯತ್ನಿಸಲಿಲ್ಲ ಅಂತ ನೆನಪಿಸಿಕೊಂಡರು. ಪದ ಉಳಿಯಿತು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಹೊತ್ತಿನಲ್ಲಿ, ಬಹುಸಂಖ್ಯಾತರೇ ತುಂಬಿದ್ದ ಸಭೆ ಅದನ್ನು ಉಳಿಸಿಕೊಂಡಿತು ಅನ್ನೋದು ಸಣ್ಣ ವಿಷಯ ಅಲ್ಲ.

1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಆ ಪದಕ್ಕೆ ಒಂದು ಗಡಿ ಹಾಕಿತು. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡಬಹುದು. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಇಲ್ಲ ಅಂತ ಹೇಳಿತು. ಮತಾಂತರ ವಿರೋಧಿಗಳು ಈ ತೀರ್ಪನ್ನು ದಿನಾ ಉಲ್ಲೇಖಿಸ್ತಾರೆ. ಆದರೆ ಅದರ ಮೊದಲರ್ಧವನ್ನು ಯಾರೂ ಓದೋದಿಲ್ಲ. ವಿವರಿಸುವ ಹಕ್ಕು, ಅಂದರೆ ಹೇಳುವ ಹಕ್ಕು, ಆ ತೀರ್ಪಿನಲ್ಲೇ ಭದ್ರವಾಗಿದೆ.

ಇನ್ನರ್ಧ ಕೇಳುವವರ ಹಕ್ಕು. 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿತು: ವಯಸ್ಕರು ಯಾವ ನಂಬಿಕೆ ಇಟ್ಟುಕೊಳ್ಳಬೇಕು, ಯಾರನ್ನು ಮದುವೆಯಾಗಬೇಕು ಅನ್ನೋದು ಅವರದೇ ಆಯ್ಕೆ. ತಂದೆಯೂ, ಸರ್ಕಾರವೂ ಅವರ ಪರವಾಗಿ ನಿರ್ಧರಿಸುವಂತಿಲ್ಲ.

ಜಮಖಂಡಿಯ ಪ್ರಕರಣಕ್ಕೆ ಬರೋಣ. ಅಲ್ಲಿ ಆರೋಪ ಹೊತ್ತವರು ಮುಸ್ಲಿಮರು. ದೇವಸ್ಥಾನದ ಬಳಿ ಇಸ್ಲಾಂ ಬಗ್ಗೆ ಕರಪತ್ರ ಹಂಚಿದರು, ತಮ್ಮ ನಂಬಿಕೆ ವಿವರಿಸಿದರು, ಆಮಿಷ ಒಡ್ಡಿದರು ಅನ್ನೋದು ದೂರು. 2025ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಎರಡು ಕಾರಣ. ಒಂದು, ಕಾಯ್ದೆಯ 4ನೇ ಕಲಂ ಪ್ರಕಾರ ಮತಾಂತರ ಆದವರು, ಅವರ ತಂದೆ ತಾಯಿ, ಒಡಹುಟ್ಟಿದವರು, ನೆಂಟರು, ಸಹೋದ್ಯೋಗಿಗಳು ಇಂಥವರು ದೂರು ಕೊಡಬಹುದು, ದಾರಿಯಲ್ಲಿ ಹೋಗುವ ಯಾರೋ ಅಲ್ಲ. ಎರಡು, ಯಾರನ್ನೋ ಮತಾಂತರ ಮಾಡಿದ್ದಾರೆ ಅಥವಾ ಮಾಡೋಕೆ ಯತ್ನಿಸಿದ್ದಾರೆ ಅನ್ನೋದು ದೂರಿನಲ್ಲೇ ಇರಲಿಲ್ಲ. ಧರ್ಮದ ಬಗ್ಗೆ ಮಾತಾಡಿದ್ದು, ಕಾಗದ ಕೊಟ್ಟಿದ್ದು ಇಷ್ಟರಿಂದಲೇ ಅಪರಾಧ ಆಗಲ್ಲ.

ಹಾಗಾದರೆ ಮೇಡ್ಲೇರಿಯ ಹುಡುಗಿ ಸುರಕ್ಷಿತವಾ? ಕಾಗದದ ಮೇಲೆ ಹೌದು. ಆದರೆ ಜಮಖಂಡಿಯವರಿಗೂ ಆ ಉತ್ತರ ಸಿಕ್ಕಿದ್ದು ಹೈಕೋರ್ಟಿನವರೆಗೆ ಹೋದ ಮೇಲೆ. ವಕೀಲರ ಫೀಸು, ಧಾರವಾಡಕ್ಕೆ ಓಡಾಟ, ಊರಿನಲ್ಲಿ ಹೋದ ಮರ್ಯಾದೆ, ಇದನ್ನೆಲ್ಲ ಯಾವ ತೀರ್ಪೂ ವಾಪಸ್ ಕೊಡಲ್ಲ. ಇಂಥ ಕಾನೂನುಗಳಲ್ಲಿ ಕೇಸಿನ ಫಲಿತಾಂಶಕ್ಕಿಂತ ಕೇಸು ನಡೆಯುವ ವರ್ಷಗಳೇ ದೊಡ್ಡ ಶಿಕ್ಷೆ. ಆ ಹೆದರಿಕೆಗೇ ಹುಡುಗಿ ಬಾಯಿ ಮುಚ್ಚಿಕೊಂಡರೆ ಕಾಯ್ದೆಯ ಕೆಲಸ ಕೇಸಿಲ್ಲದೆಯೇ ಮುಗಿದಂತೆ.

ಈ ನೆಲಕ್ಕೆ ಇದು ಹೊಸದಾ?

‘ಇದೆಲ್ಲ ಹೊರಗಿನಿಂದ ಬಂದ ಪದ್ಧತಿ, ನಮ್ಮಲ್ಲಿ ಯಾರೂ ಇನ್ನೊಬ್ಬರ ಮನೆಗೆ ಹೋಗಿ ಧರ್ಮ ಹೇಳಲ್ಲ’ ಅನ್ನೋ ಮಾತಿದೆ. ಹಾವೇರಿ ಜಿಲ್ಲೆಯಲ್ಲಿ ನಿಂತು ಈ ಮಾತು ಹೇಳೋಕೆ ಸ್ವಲ್ಪ ಧೈರ್ಯ ಬೇಕು.

ಮೇಡ್ಲೇರಿ ಇರುವ ಅದೇ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರ ಇದೆ. ದೋಣಿ ನಡೆಸುತ್ತಿದ್ದ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ವಚನಕಾರರಲ್ಲೇ ಅತಿ ಖಾರದ ನಾಲಿಗೆ ಅವನದು. ಪೂಜಾರಿಕೆ, ಜಾತಿ, ಡಾಂಭಿಕ ಭಕ್ತಿ ಯಾವುದನ್ನೂ ಬಿಟ್ಟವನಲ್ಲ. ಹನ್ನೆರಡನೇ ಶತಮಾನದ ಶರಣರು ಬರೀ ಮಾತಾಡಲಿಲ್ಲ, ಎಲ್ಲ ಜಾತಿಯವರಿಗೂ ಇಷ್ಟಲಿಂಗ ದೀಕ್ಷೆ ಕೊಟ್ಟರು. ಹಳೆಯ ಆಚರಣೆಯನ್ನು ಟೀಕಿಸಿ, ಹೊಸ ದಾರಿಯನ್ನು ಹೊಗಳಿ, ಜನರನ್ನು ಕರೆದರು. 2022ರ ಕಾಯ್ದೆಯ ‘ಆಮಿಷ’ದ ವಿವರಣೆಯನ್ನು ಹಿಡಿದು ನೋಡಿದರೆ ಚೌಡಯ್ಯನ ಮೇಲೆ ಎಷ್ಟು ಕೇಸು ಬೀಳ್ತಿತ್ತು, ನೀವೇ ಲೆಕ್ಕ ಹಾಕಿ.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಜೊತೆ ಕನಕದಾಸರ ಹೆಸರಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿದ ಷರೀಫರಿಗೆ ಗುರು ಗೋವಿಂದ ಭಟ್ಟರು. ಒಬ್ಬ ಬ್ರಾಹ್ಮಣ ಗುರು ಒಬ್ಬ ಮುಸ್ಲಿಂ ಶಿಷ್ಯನಿಗೆ ತನ್ನ ಅರಿವನ್ನು ದಾಟಿಸಿದ್ದನ್ನು ನಾವು ಇವತ್ತು ಭಾಷಣಗಳಲ್ಲಿ ಸೌಹಾರ್ದಕ್ಕೆ ಉದಾಹರಣೆಯಾಗಿ ಕೊಡ್ತೀವಿ. ತನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳೋದು, ಅವರು ಅದನ್ನು ಕೇಳಿ ಬದಲಾಗೋದು ಈ ಜಿಲ್ಲೆಯ ಅತ್ಯಂತ ಹಳೆಯ ಅಭ್ಯಾಸ.

ಕ್ರೈಸ್ತರ ಮಾತು ಕೂಡ ಇಲ್ಲಿಗೆ ನಿನ್ನೆ ಮೊನ್ನೆ ಬಂದಿದ್ದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಅವರಿಗೂ ಮೊದಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಶುರು ಮಾಡಿದ್ದರು. ಇವರೆಲ್ಲ ಬಂದಿದ್ದು ಹೇಳೋದಕ್ಕೇ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ವಸಾಹತುಶಾಹಿಯ ನೆರಳಿನಲ್ಲಿ ಬಂದರು, ಇಲ್ಲಿನ ದೇವರುಗಳ ಬಗ್ಗೆ ಕೀಳಾಗಿ ಬರೆದದ್ದೂ ಇದೆ. ಅದನ್ನು ಮರೆಮಾಚುವ ಅಗತ್ಯ ಇಲ್ಲ. ಆದರೆ ಹೇಳಬೇಕು ಅಂದರೆ ಮೊದಲು ಕೇಳಬೇಕು, ಭಾಷೆ ಕಲಿಯಬೇಕು. ಹಾಗೆ ಕೇಳಿಸಿಕೊಳ್ತಾ ಹೋದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ತಂದರು, ಬಸವಪುರಾಣ ಮತ್ತು ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಮತಾಂತರಕ್ಕೆ ಬಂದವರ ಕೆಲಸದಲ್ಲಿ ಕನ್ನಡಕ್ಕೆ ಉಳಿದದ್ದು ಹೆಚ್ಚಾಗಿ ಅವರು ಕೇಳಿಸಿಕೊಂಡ ಭಾಗ.

ಸಂಖ್ಯೆಯನ್ನೂ ನೋಡಿಬಿಡೋಣ. 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ 1.91. 2011ರಲ್ಲಿ ಶೇ 1.87. ಇಷ್ಟು ವರ್ಷಗಳ ‘ಮಾಫಿಯಾ’ದ ನಂತರ ಪ್ರಮಾಣ ತುಸು ಇಳಿದಿದೆ. ಇದಕ್ಕೆ ಒಂದು ಉತ್ತರ ಬರುತ್ತೆ: ‘ಮತಾಂತರ ಆದವರು ಜನಗಣತಿಯಲ್ಲಿ ಹಿಂದೂ ಅಂತಲೇ ಬರೆಸ್ತಾರೆ’. ಕೆಲವರು ಬರೆಸ್ತಾರೆ, ಅದು ನಿಜ. ಯಾಕೆ ಬರೆಸ್ತಾರೆ ಅಂತ ಕೇಳಿದರೆ ನಿಜವಾದ ಕಥೆ ಶುರುವಾಗುತ್ತೆ.

ಅಕ್ಕನ ಕೈಯಲ್ಲಿರುವ ಜಾತಿ ಪತ್ರ

ಕಟ್ಟೆ ಮೇಲಿನ ಅಕ್ಕ ದಲಿತರು ಅನ್ನಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳೋಕೆ ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಅಕ್ಕ ಕ್ರೈಸ್ತರಾದರೆ ಅವರ ಮಕ್ಕಳ ಎಸ್‌ಸಿ ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ನಾಳೆಯ ನೌಕರಿಯ ಮೀಸಲಾತಿ ಎಲ್ಲದರ ಮೇಲೆ ಪ್ರಶ್ನೆ ಬೀಳುತ್ತೆ. ಊರಿನವರು ಮಾತ್ರ ಅವರನ್ನು ಹಳೆಯ ಜಾತಿಯಿಂದಲೇ ಗುರುತಿಸ್ತಾರೆ. ಹೋಟೆಲಿನ ಲೋಟ, ಕೆರೆಯ ದಾರಿ, ಬಾಡಿಗೆ ಮನೆ, ಅಲ್ಲೆಲ್ಲ ಜಾತಿ ಬೆನ್ನು ಬಿಡಲ್ಲ. ಈ ಪ್ರಶ್ನೆ ಪರಿಶೀಲಿಸೋಕೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಆಯೋಗ ರಚಿಸಿತು.

2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಇದೇ ಗೊಂದಲ ರಸ್ತೆಗೆ ಬಂತು. ಜಾತಿ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಸೇರಿಸಿದ ಹೆಸರುಗಳಿದ್ದವು. ಗದ್ದಲ ಎದ್ದಿತು, ಅವನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿದರು. ಹೆಸರು ಮರೆಯಾಯ್ತು, ಆ ಜನ ಅಲ್ಲೇ ಇದ್ದಾರೆ.

ಇದು ಹೇಳುವವರಿಗೂ ಒಂದು ಪ್ರಶ್ನೆ. ಮೇಡ್ಲೇರಿಯ ಹುಡುಗಿ ಅಕ್ಕನ ಮುಂದೆ ಯೇಸುವಿನ ಸಮಾಧಾನದ ಬಗ್ಗೆ ಮಾತ್ರ ಹೇಳಿ, ಅದರ ಬೆಲೆ ಏನು ಅಂತ ಹೇಳದೇ ಇದ್ದರೆ ಅದು ಪೂರ್ತಿ ಸತ್ಯ ಅಲ್ಲ. ಪತ್ರದಲ್ಲಿ ಒಂದು, ಮನಸ್ಸಿನಲ್ಲಿ ಒಂದು ಅಂತ ಬದುಕುವ ಸಾವಿರಾರು ಕುಟುಂಬಗಳಿಗೆ ಅದು ನೆಮ್ಮದಿಯ ಬದುಕಲ್ಲ. ಆ ದ್ವಂದ್ವವನ್ನು ಸೃಷ್ಟಿಸಿದ್ದು ಕಾನೂನು ನಿಜ. ಆದರೆ ಹಿಂದುಮುಂದು ಹೇಳದೆ ಜನರನ್ನು ಅದರೊಳಗೆ ಕರೆದೊಯ್ಯುವ ಸಭೆಗಳಿಗೂ ಹೊಣೆ ಇದೆ.

ಅಂಬೇಡ್ಕರ್ ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದ್ದರು ನೋಡಿ. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದರು. ಬೌದ್ಧ ಧಮ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಓದಿದರು, ಹೋಲಿಸಿದರು, ತಮ್ಮ ಜನರ ಜೊತೆ ಬಹಿರಂಗವಾಗಿ ಚರ್ಚಿಸಿದರು. ಅವತ್ತು ಲಕ್ಷಾಂತರ ಜನ ಅವರ ಜೊತೆ ನಡೆದರು. ನಮ್ಮ ಕಾಯ್ದೆಯ ಭಾಷೆಯಲ್ಲಿ ಅದು ‘ಸಾಮೂಹಿಕ ಮತಾಂತರ’, ಅದರಲ್ಲೂ ಪರಿಶಿಷ್ಟ ಜಾತಿಯವರದು. ತಮಗೆ ಏನು ಬೇಕು ಅಂತ ಯೋಚಿಸುವ ಬುದ್ಧಿ ಹೆಂಗಸರಿಗೆ, ದಲಿತರಿಗೆ ಇಲ್ಲ ಅನ್ನೋ ಊಹೆಯ ಮೇಲೆ ಈ ಕಾಯ್ದೆಯ ಹೆಚ್ಚುವರಿ ಶಿಕ್ಷೆ ನಿಂತಿದೆ. ರಕ್ಷಣೆ ಅನ್ನೋ ಹೆಸರಿನಲ್ಲಿ ಅವರನ್ನು ಅಪ್ರಾಪ್ತರ ಸಾಲಿನಲ್ಲಿ ಕೂರಿಸಿದೆ. ಈ ಕಾಯ್ದೆಯನ್ನು ವಿರೋಧಿಸೋಕೆ ಕ್ರೈಸ್ತರೇ ಆಗಬೇಕಿಲ್ಲ, ಇದೊಂದು ಅವಮಾನ ಸಾಕು.

ಹೇಳುವವರಿಗೂ ಒಂದಿಷ್ಟು ಮಾತು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೇರವಾಗಿ ನೋಡಬೇಕು. ಇಂಥ ಕಾಯ್ದೆಗಳಿಗೆ ಜನರ ಬೆಂಬಲ ಸಿಗೋದು ಬರೀ ಪ್ರಚಾರದಿಂದ ಅಲ್ಲ. ವೇದಿಕೆ ಮೇಲೆ ಕ್ಯಾನ್ಸರ್ ವಾಸಿ ಆಯ್ತು ಅಂತ ಕೂಗುವ ವಿಡಿಯೊಗಳಿವೆ. ಮಾತ್ರೆ ಬಿಡಿ, ಪ್ರಾರ್ಥನೆ ಸಾಕು ಅನ್ನುವವರಿದ್ದಾರೆ. ಮನೆಯ ಜಗಲಿಯಲ್ಲಿರುವ ದೇವರ ಫೋಟೊ ತೆಗೆದುಹಾಕಿಸಿ ಅದನ್ನೇ ಗೆಲುವು ಅಂದುಕೊಳ್ಳುವವರಿದ್ದಾರೆ. ‘ಇಷ್ಟು ಆತ್ಮಗಳನ್ನು ಗೆದ್ದೆವು’ ಅಂತ ಲೆಕ್ಕ ಕೊಡುವವರೂ ಇದ್ದಾರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಬೇರೆ ಕಡೆ ಚರ್ಚುಗಳ ಮೇಲೆ ದಾಳಿಯಾದಾಗ, ಹಿಂದೂ ದೇವತೆಗಳನ್ನು ಅವಹೇಳನ ಮಾಡಿದ್ದಾರೆ ಅನ್ನಲಾದ ‘ಸತ್ಯದರ್ಶಿನಿ’ ಅನ್ನೋ ಪುಸ್ತಕದ ಹೆಸರು ಕೇಳಿಬಂತು. ದಾಳಿಗೆ ಅದು ಯಾವ ಸಮರ್ಥನೆಯೂ ಅಲ್ಲ. ಪ್ರಾರ್ಥನೆ ಮಾಡುವವರನ್ನು ಹೊಡೆಯೋದಕ್ಕೆ ಪುಸ್ತಕ ಕಾರಣ ಆಗಬಾರದು. ಆದರೆ ಇನ್ನೊಬ್ಬರ ದೇವರನ್ನು ಬೈದು ತನ್ನ ದೇವರ ಪ್ರೀತಿಯನ್ನು ಸಾರೋದು ಎಂಥ ಸಾಕ್ಷಿ?

ಇವುಗಳಿಗೆ ಪ್ರತ್ಯೇಕ ಮತಾಂತರ ಕಾಯ್ದೆ ಬೇಕಾ? ಮೋಸಕ್ಕೆ, ಬೆದರಿಕೆಗೆ, ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ ಕೆರಳಿಸೋದಕ್ಕೆ ಸಾಮಾನ್ಯ ದಂಡ ಸಂಹಿತೆಯಲ್ಲೇ ಶಿಕ್ಷೆ ಇದೆ. ಪವಾಡದಿಂದ ರೋಗ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವವರಿಗೆ 1954ರಿಂದಲೇ ಒಂದು ಕೇಂದ್ರ ಕಾಯ್ದೆ ಇದೆ. ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆಯೂ ಇದೆ. ಇವು ಯಾವ ಧರ್ಮದ ಪವಾಡ ಅಂತ ಕೇಳಲ್ಲ. ಬಾಬಾ, ಬುವಾ, ಪಾಸ್ಟರ್ ಎಲ್ಲರಿಗೂ ಒಂದೇ. ಅವುಗಳನ್ನು ಬಳಸೋಕೆ ಸರ್ಕಾರಗಳಿಗೆ ಮನಸ್ಸಿಲ್ಲ, ಅಷ್ಟೇ.

ಕಾನೂನಿನಾಚೆ ನಂಬಿಕೆ ಹೇಳೋಕೆ ಹೊರಟವರು ತಮಗೆ ತಾವೇ ಹಾಕಿಕೊಳ್ಳಬಹುದಾದ ಕೆಲವು ನಿಯಮಗಳಿವೆ. ನಮ್ಮ ಕಲ್ಪನೆಯ ಹುಡುಗಿ ಅವುಗಳಲ್ಲಿ ಮೊದಲನೆಯದನ್ನು ಆಗಲೇ ಪಾಲಿಸಿದ್ದಾಳೆ: “ಒಂದ್ ಮಾತ್ ಹೇಳ್ಲೇನು?” ಅಂತ ಕೇಳಿದ್ದಾಳೆ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸೋದು, ಮಾರನೇ ದಿನವೂ ಅದೇ ಪ್ರೀತಿಯಿಂದ ಮಾತಾಡಿಸೋದು ಎರಡನೆಯದು. ಮಗುವಿನ ಜ್ವರಕ್ಕೆ ಮೊದಲು ಆಸ್ಪತ್ರೆಗೆ ಜೊತೆಯಲ್ಲಿ ಹೋಗೋದು, ಆ ಸಹಾಯಕ್ಕೂ ಪ್ರಾರ್ಥನೆಗೂ ಗಂಟು ಹಾಕದೇ ಇರೋದು ಮೂರನೆಯದು. ತಂದೆ ತಾಯಿಗೆ ಗೊತ್ತಿಲ್ಲದೆ ಮಕ್ಕಳಿಗೆ ಹೇಳದೇ ಇರೋದು. ಅಕ್ಕನ ದೇವರನ್ನು ಹೀಯಾಳಿಸದೇ ಇರೋದು. ಕೊನೆಯದು, ಅಕ್ಕ ತಮ್ಮ ನಂಬಿಕೆ ಬಗ್ಗೆ ಹೇಳೋಕೆ ಶುರು ಮಾಡಿದರೆ ಕೂತು ಕೇಳೋದು. ದೇವರಗುಡ್ಡದ ಮಾಲತೇಶ ತನಗೆ ಯಾವಾಗ ಹೇಗೆ ಕೈ ಹಿಡಿದ ಅಂತ ಅಕ್ಕ ಹೇಳ್ತಾರೆ. ಅದೂ ಸಾಕ್ಷಿಯೇ.

ಈಗ ಏನಾಗಬೇಕು

ಬೇಡಿಕೆ ಸ್ಪಷ್ಟ. 2023ರ ಜೂನ್ 15ರ ಸಂಪುಟ ತೀರ್ಮಾನ ಸದನದಲ್ಲಿ ಮತವಾಗಬೇಕು. ಅದಕ್ಕೆ ಧೈರ್ಯ ಸಾಲದಿದ್ದರೆ ಕನಿಷ್ಠ ನಾಲ್ಕು ಅಂಶ ಹೋಗಬೇಕು: ಆಮಿಷದ ಸಡಿಲ ವಿವರಣೆ, ಆರೋಪಿ ಮೇಲಿನ ಸಾಬೀತಿನ ಹೊಣೆ, ನೋಟಿಸ್ ಬೋರ್ಡು, ಹೆಂಗಸರು ಮತ್ತು ದಲಿತರನ್ನು ಅಪ್ರಾಪ್ತರ ಜೊತೆ ಸೇರಿಸಿದ ಕಲಂ. ಇವು ಹೋದರೆ ಉಳಿಯೋದು ಬಲವಂತ ಮತ್ತು ಮೋಸ ಮಾತ್ರ. ಅವಕ್ಕೆ ಶಿಕ್ಷೆ ಆಗಲಿ ಅಂತಲೇ ಎಲ್ಲರೂ ಹೇಳೋದು.

ಪಕ್ಷಗಳನ್ನು ಬೈಯೋದು ಸುಲಭ. ನಮ್ಮದೇ ಒಂದು ಪರೀಕ್ಷೆಯೂ ಇದೆ. ಪ್ರಗತಿಪರರು ಅನ್ನಿಸಿಕೊಂಡ ನಮ್ಮಲ್ಲಿ ಹಲವರು ಮತಾಂತರದ ಹಕ್ಕನ್ನು ಬೆಂಬಲಿಸೋದು ಅದು ಜಾತಿ ವಿರೋಧಿ ಪ್ರತಿಭಟನೆಯಾಗಿದ್ದಾಗ ಮಾತ್ರ. ಒಬ್ಬ ಹುಡುಗಿ ನಿಜವಾಗಿಯೂ ದೇವರನ್ನು ನಂಬಿ, ಆ ಖುಷಿಗೆ ಇನ್ನೊಬ್ಬರ ಹತ್ತಿರ ಹೇಳಿಕೊಂಡರೆ ನಮಗೂ ಮುಜುಗರ. ‘ನಂಬಿಕೆ ಮನೆಯೊಳಗೆ ಇರಲಿ’ ಅಂತೀವಿ. ರಾಜಕೀಯ, ಸಿನಿಮಾ, ಕ್ರಿಕೆಟ್ ಬಗ್ಗೆ ಇನ್ನೊಬ್ಬರ ಮನಸ್ಸು ಬದಲಿಸೋಕೆ ದಿನವಿಡೀ ಪೋಸ್ಟ್ ಹಾಕುವ ನಾವು, ಬದುಕಿನ ಅತಿ ದೊಡ್ಡ ಪ್ರಶ್ನೆ ಬಗ್ಗೆ ಮಾತ್ರ ಬಾಯಿ ಮುಚ್ಚಿಕೊಳ್ಳಿ ಅಂತ ಹೇಳೋದು ಎಷ್ಟು ಸರಿ? ಒಪ್ಪದ ಮಾತನ್ನು ಹೇಳುವವರ ಹಕ್ಕಿಗೂ ನಿಲ್ಲದೇ ಹೋದರೆ, ನಾಳೆ ನಮ್ಮ ಮಾತಿಗೂ ಒಂದು ಫಾರಂ ಬರುತ್ತೆ.

ಮೇಡ್ಲೇರಿಯ ಆ ಕಟ್ಟೆ ಮೇಲೆ ಇಬ್ಬರು ಹೆಂಗಸರು ಕೂತಿದ್ದಾರೆ. ಒಬ್ಬಳಿಗೆ ಹೇಳೋಕೆ ಏನೋ ಇದೆ, ಇನ್ನೊಬ್ಬರಿಗೆ ಕೇಳುವ ಅಥವಾ ಎದ್ದು ಹೋಗುವ ಸ್ವಾತಂತ್ರ್ಯ ಇದೆ. ಮಗುವಿಗೆ ಜ್ವರ ಇದೆ, ಗಂಡನ ಕುಡಿತ ಇದೆ. ಸರ್ಕಾರ ಆ ಮನೆಗೆ ಬರೋದೇ ಆದರೆ ಮೊದಲು ಆ ಎರಡಕ್ಕೆ ಬರಲಿ.